ಇಂಗ್ಲಿಷು ಕಲಿಯುವಾಗ ಕನ್ನಡಕ್ಕೆ ಎಲ್ಲಿ ಜಾಗ?

(ಬೇಗಂಪೇಟೆಯ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ನಮ್ಮ ಸಂಜೆಯ ಇಂಗ್ಲಿಷು ತರಗತಿಯಲ್ಲಿ ಕನ್ನಡ ಮಾತಾಡಿದವರಿಗೆ ಒಂದು ರೂಪಾಯಿ ದಂಡ ಹಾಕಬೇಕೆಂದು ಕೆಲವು ಹಿರಿಯರು ಸೂಚಿಸಿದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ.

ಹಿಂದೆ ನನ್ನೊಡನೆ ಕೆಲಸಕ್ಕಿದ್ದ ಹಿರಿಯರೊಬ್ಬರು ಊರಿಗೆ ಹೋಗಲು ರಜೆ ಕೇಳಿದ್ದರು. ಅವರ ಮುಂದೆ ಒಂದು ಇಂಗ್ಲಿಷು ಕಾಗದ ಬಂತು. ಅಕ್ಷರ ಕೂಡಿಸಿ ಓದಬಲ್ಲವರು. ಅದರಲ್ಲಿ 'ರಿಸೈನ್' ಎಂಬ ಮಾತಿತ್ತು. 'ಸೈನ್' ಎಂದರೆ ರುಜು, 'ರಿ' ಎಂದರೆ ಮತ್ತೆ. ಹಳೆಯ ರುಜು ಸರಿಯಿಲ್ಲವೇನೋ, ಇನ್ನೊಮ್ಮೆ ಕೇಳುತ್ತಿದ್ದಾರೆ ಎಂದುಕೊಂಡು ಹಾಕಿಬಿಟ್ಟರು. ಅದು ರಾಜೀನಾಮೆ! ಹನ್ನೊಂದು ವರ್ಷದ ನೌಕರಿ ಹೋಯಿತು. ಪಕ್ಕದ ಮೇಜಿನಲ್ಲೇ ಇದ್ದ ನನ್ನನ್ನು ಅವರು ಕೇಳಲಿಲ್ಲ. ಕನ್ನಡದಲ್ಲಿ ಅರ್ಥ ಕೇಳಿದರೆ ನಕ್ಕಾರು ಎಂಬ ನಾಚಿಕೆ. ದಂಡ ಹಾಕಿ ನಾವು ಬೆಳೆಸುವುದು ಆ ನಾಚಿಕೆಯನ್ನೇ.

ಈ ಊರಿಗೆ ಇದು ಹೊಸ ಪ್ರಶ್ನೆಯಲ್ಲ. 1918ರಲ್ಲಿ ಇಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದಾಗ ಪಾಠಗಳು ಉರ್ದುವಿನಲ್ಲಿ, ಇಂಗ್ಲಿಷು ಒಂದು ಕಡ್ಡಾಯ ವಿಷಯ ಎಂದು ಗೊತ್ತುಮಾಡಿದರು. ಪುಸ್ತಕ ಸಿದ್ಧಪಡಿಸಲು 1917ರಲ್ಲೇ ಭಾಷಾಂತರ ಶಾಖೆಯನ್ನು ತೆರೆದಿದ್ದರು. ವಿಷಯವನ್ನು ದೇಶಭಾಷೆಯಲ್ಲಿ ತಿಳಿದುಕೊಂಡು ಇಂಗ್ಲಿಷನ್ನು ಭಾಷೆಯಾಗಿ ಕಲಿಯಬಹುದೆಂಬ ನಂಬಿಕೆ ಅದು. ಆದರೆ ಆಗ ನಿಜಾಮರ ರಾಜ್ಯದಲ್ಲಿದ್ದ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳ ಕನ್ನಡ ಮನೆಯ ಹುಡುಗನಿಗೆ ಉರ್ದುವೂ ಹೊರಗಿನಿಂದ ಕಲಿಯಬೇಕಾದ ಮಾತೇ. ಏಣಿ ಇತ್ತು, ಅವನಿಗೆ ಮೊದಲ ಮೆಟ್ಟಿಲು ಮಾತ್ರ ಇರಲಿಲ್ಲ.

ಮನೆಯ ಮಾತಿನಿಂದ ಆಗುವ ಉಪಯೋಗವನ್ನು ನೋಡಿ. 'ನನಗೆ ಜ್ವರ ಬಂದಿದೆ' ಎನ್ನುತ್ತೇವೆ. ಜ್ವರ ನಮ್ಮ ಬಳಿಗೆ ಬರುತ್ತದೆ. ಇಂಗ್ಲಿಷಿನವನು 'ಐ ಹ್ಯಾವ್ ಫೀವರ್' ಎಂದು ಅದನ್ನು ತನ್ನ ಆಸ್ತಿಯಂತೆ ಹೇಳಿಕೊಳ್ಳುತ್ತಾನೆ! ಈ ಭೇದವನ್ನು ಒಮ್ಮೆ ಕನ್ನಡದಲ್ಲಿ ತಿಳಿಸಿದರೆ ಯಾರೂ ಮರೆಯುವುದಿಲ್ಲ. 'ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ' ಎಂಬುದನ್ನು ನಾನೇ ಬಹುಕಾಲ 'ಐ ಆಮ್ ವರ್ಕಿಂಗ್' ಎಂದು ಬರೆದೆ. 'ಹ್ಯಾವ್ ಬೀನ್ ವರ್ಕಿಂಗ್' ಎಂದಿರಬೇಕು. ತಪ್ಪು ಕನ್ನಡದಿಂದ ಬಂದದ್ದು ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಅದು ತಿದ್ದಿಹೋಯಿತು. ಇನ್ನೊಂದು: ಮೇಸ್ತ್ರಿ ಕೆಲಸಗಾರನಿಗೆ 'ಹಿಸ್' ಸಂಬಳ ಬಂದಿದೆ ಎಂದನಂತೆ. ಯಾರ ಸಂಬಳ? ಇಂಗ್ಲಿಷಿನಲ್ಲಿ ಓದಿ ಸುಮ್ಮನಾಗಬಹುದು. ಕನ್ನಡಕ್ಕೆ ತಿರುಗಿಸುವಾಗ ತನ್ನದೋ ಅವನದೋ ಎಂದು ಕೇಳಲೇಬೇಕಾಗುತ್ತದೆ.

ಹಾಗೆಂದು ಗಂಟೆಯಿಡೀ ಕನ್ನಡದಲ್ಲೇ ವಿವರಿಸುತ್ತ ಕೂತರೆ ನಾಲಿಗೆ ಹೊರಳುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಕಛೇರಿಗಳ ಮಾತನ್ನು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಆಡಿ ರೂಢಿಮಾಡಬೇಕು, ತಪ್ಪಿದರೆ ತಪ್ಪಲಿ. ಮೊದಲ ಕಾಲುಗಂಟೆ ಕನ್ನಡದಲ್ಲಿ ಅರ್ಥ, ಉಳಿದದ್ದು ಇಂಗ್ಲಿಷಿನ ಅಭ್ಯಾಸ ಎಂದು ಸಭೆ ಒಪ್ಪಬೇಕೆಂದು ಕೋರುತ್ತೇನೆ.

ಬರುವ ಭಾನುವಾರ ಸಂಜೆ ಆರರಿಂದ ನಾನು ಇಲ್ಲೇ ಇರುತ್ತೇನೆ. ನಿಮ್ಮ ಕೈಗೆ ಬಂದಿರುವ ಇಂಗ್ಲಿಷು ನೋಟೀಸು, ಅರ್ಜಿ, ಕರಾರು ಏನಿದ್ದರೂ ರುಜು ಹಾಕುವ ಮೊದಲು ತನ್ನಿ, ಕೂತು ಓದೋಣ.