ಡಾಕ್ಟರೇ, ಯಾವ ಕನ್ನಡದಲ್ಲಿ ಕೇಳುತ್ತೀರಿ?



ಮನೋವೈದ್ಯದಲ್ಲಿ ಎಂ.ಡಿ. ಓದುವ ಪ್ರತಿ ಎಳೆಯ ಡಾಕ್ಟರೂ ಸಂಶೋಧನೆ ಮಾಡಿ ಪ್ರಬಂಧ ಬರೆಯಲೇಬೇಕು. ರಕ್ತ ಪರೀಕ್ಷೆಯಲ್ಲಿ ಮನಸ್ಸಿನ ನೋವು ಕಾಣದು. ಅಲ್ಲಿ ಉಪಕರಣವೇ ಪ್ರಶ್ನೆ, ಅಂದರೆ ಭಾಷೆ! ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಮತ್ತೊಬ್ಬರಿಂದ ತಿರುಗಿ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡುತ್ತಾರೆ. ಸರಿ, ಆದರೆ ಯಾವ ಕನ್ನಡ?

ಇಂಥದೊಂದು ಫಾರಂ ಸೇಡಂನ ನನ್ನ ಪ್ರೆಸ್ಸಿಗೆ ಅಚ್ಚಿಗೆ ಬಂದಿತ್ತು. ‘ನಿಮ್ಮಲ್ಲಿ ಖಿನ್ನತೆಯ ಭಾವನೆ ಇದೆಯೇ?’ ಕಂಪೋಸ್ ಮಾಡುವ ಹುಡುಗ ಕೇಳಿದ: ‘ಮಾಲಕ್ರೇ, ಖಿನ್ನತಿ ಅಂದ್ರ ಏನ್ರಿ?’ ನಮ್ಮ ಕಲ್ಲುಗಣಿಯ ಕೂಲಿಯಾಕೆ ‘ಜೀವ ಗಾಬರಿ ಆಗ್ತದ, ನಿದ್ದಿ ಹತ್ತವಲ್ದು’ ಅನ್ನುತ್ತಾಳೆ. ಖಿನ್ನತೆಗೆ ಆಕೆ ‘ಇಲ್ರಿ’ ಅಂದರೆ ಮುಗಿಯಿತು, ಲೆಕ್ಕದಲ್ಲಿ ಆಕೆ ಆರೋಗ್ಯವಂತೆ! ಚಿಂಚೋಳಿ ತಾಂಡಾದ ಲಂಬಾಣಿ ಅಜ್ಜಿಯ ಪಾಡಂತೂ ಕೇಳಲೇಬೇಡಿ.

ಇದು ಆಗದ ಕೆಲಸವಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಹೋಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ನಮ್ಮ ಬೇಡಿಕೆ ಇಷ್ಟೇ: ಸಂಶೋಧನೆ ಕಲಿಸುವಾಗ ಎಳೆಯ ಡಾಕ್ಟರನ್ನು ಮೊದಲು ವಾಡಿ, ಶಹಾಬಾದ್, ಚಿತ್ತಾಪುರದ ಕಟ್ಟೆಗಳ ಮೇಲೆ ಕೂಡಿಸಿ. ಜನರ ಮಾತು ಬರೆದುಕೊಳ್ಳಲಿ. ಪ್ರಶ್ನೆ ಆಮೇಲೆ.

ಆ ಫಾರಂ? ಹುಡುಗನಿಗೆ ಅರ್ಥ ಹೇಳಿ, ಐನೂರು ಪ್ರತಿ ಹಾಗೆಯೇ ಅಚ್ಚು ಹಾಕಿ ಕೊಟ್ಟುಬಿಟ್ಟೆ. ಡಾಕ್ಟರಿಗೆ ಒಂದು ಮಾತೂ ಹೇಳಲಿಲ್ಲ.