ಪ್ರತಿಷ್ಠೆಯ ಮರುದಿನದ ಸೇವೆ
(ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವವು ನಡೆಯುವ ಊರಿನಲ್ಲಿ ಸ್ವಯಂಸೇವಕರಿಗೆ ಎಂದೂ ಕೊರತೆಯಾಗುವುದಿಲ್ಲ. ಗರ್ಭಕಲ್ಯಾಣದ ದಿನದಿಂದ ಮೋಕ್ಷಕಲ್ಯಾಣದ ದಿನದವರೆಗೆ ನೀರು ತರುವವರು, ಊಟಕ್ಕೆ ಬಡಿಸುವವರು, ಮುನಿಸಂಘದ ವಿಹಾರಕ್ಕೆ ದಾರಿ ಮಾಡಿಕೊಡುವವರು, ಪಾದರಕ್ಷೆಗಳನ್ನು ಕಾಯುವವರು, ಎಲ್ಲರೂ ಕರೆಯದೆಯೇ ಬರುತ್ತಾರೆ. ಎದೆಗೆ ಬಿಲ್ಲೆ ಚುಚ್ಚಿಕೊಂಡ ಹುಡುಗನಿಗೆ ಹಸಿವೆಯೂ ತಿಳಿಯದು, ನಿದ್ರೆಯೂ ತಿಳಿಯದು. ಆದರೆ ಮಂಟಪದ ಗಳಗಳನ್ನು ಬಿಚ್ಚುವ ವೇಳೆಗೆ ಆ ಬಿಲ್ಲೆಗಳು ಪೆಟ್ಟಿಗೆ ಸೇರುತ್ತವೆ. ಮುಂದಿನ ಉತ್ಸವದವರೆಗೆ ಆ ಹುಡುಗನನ್ನು ಸಮಾಜವು ಕೇಳುವುದಿಲ್ಲ. ಸೇವೆಯನ್ನು ಆರಂಭಿಸುವುದು ಹೇಗೆಂಬ ಪ್ರಶ್ನೆಯು ವಾಸ್ತವವಾಗಿ ಈ ಮರುದಿನದ ಪ್ರಶ್ನೆಯೇ ಆಗಿದೆ.

ಕಲ್ಯಾಣದ ಸೀಮೆಗೆ ಇದು ಸಣ್ಣ ಪ್ರಶ್ನೆಯಲ್ಲ. ಬಸವಕಲ್ಯಾಣದ ಕೋಟೆಯೊಳಗಿನ ವಸ್ತುಸಂಗ್ರಹಾಲಯವನ್ನು ನೋಡಿದವರು ಅಲ್ಲಿ 10 ಮತ್ತು 11ನೆಯ ಶತಮಾನಗಳ ಜಿನಬಿಂಬಗಳನ್ನು ಕಂಡಿರುತ್ತಾರೆ. ಒಂದು ಕಾಲಕ್ಕೆ ಅವುಗಳಿಗೂ ಇಂಥದೇ ಪ್ರತಿಷ್ಠೆ ನಡೆದಿರಬೇಕು, ವಾದ್ಯಗಳು ಮೊಳಗಿರಬೇಕು. ಬಿಂಬಗಳು ಉಳಿದಿವೆ, ಅವುಗಳ ಮುಂದೆ ದೀಪ ಹಚ್ಚುತ್ತಿದ್ದ ಮನೆಗಳು ಉಳಿಯಲಿಲ್ಲ. ರಾಜ್ಯಗಳು ಅಳಿದುದು, ಕಾಲವು ಕೆಟ್ಟುದು ಮುಂತಾದ ಕಾರಣಗಳನ್ನು ಇತಿಹಾಸಕಾರರು ಹೇಳಬಹುದು. ಆದರೆ ಸಂಖ್ಯೆಯಲ್ಲಿ ಅಲ್ಪವಾದ ಸಮಾಜವೊಂದು ಊರಿಗೆ ಬೇಕಾದುದಾಗಿ ಬಾಳದಿದ್ದರೆ ಬಹುಕಾಲ ನಿಲ್ಲಲಾರದೆಂಬುದನ್ನು ಅರಿಯಲು ಅಷ್ಟು ಪಾಂಡಿತ್ಯವೇನೂ ಬೇಕಿಲ್ಲ.

ಶಾಸ್ತ್ರದಲ್ಲಿ ಸೇವೆಗೆ ವೈಯಾವೃತ್ಯವೆಂದು ಹೆಸರು. ಆರು ಅಂತರಂಗ ತಪಸ್ಸುಗಳಲ್ಲಿ ಅದು ಪ್ರಾಯಶ್ಚಿತ್ತ, ವಿನಯಗಳ ತರುವಾಯ ಮೂರನೆಯದು. ಸ್ವಾಧ್ಯಾಯವೂ ಧ್ಯಾನವೂ ಅದರ ಅನಂತರವೇ ಬರುತ್ತವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲಿ ಒಂದಾಗಿ ಎಣಿಸಿದ್ದಾರೆ. ವ್ರತವೆಂದ ಮೇಲೆ ಅದಕ್ಕೆ ನಿಯಮವುಂಟು, ವೇಳೆಯುಂಟು. ಮನಸ್ಸು ಬಂದಾಗ ಬಿಟ್ಟ ಊಟವು ಪ್ರೋಷಧೋಪವಾಸವಾಗದು; ಬಿಡುವಾದಾಗ ಮಾಡಿದ ಉಪಕಾರವೂ ವೈಯಾವೃತ್ಯವಾಗದು. ಮುನಿಗಳ ಶುಶ್ರೂಷೆಗೆ ಹೇಳಿದುದನ್ನು ನೆರೆಮನೆಯ ರೋಗಿಗೆ ಅನ್ವಯಿಸಬಹುದೇ ಎಂದು ಕೆಲವರು ಕೇಳುವುದುಂಟು. ಅಭಯದಾನವು ಸಕಲ ಜೀವಿಗಳಿಗೂ ಸಲ್ಲುವಾಗ ಆ ಸಂಶಯಕ್ಕೆ ಎಡೆಯಿಲ್ಲ. ದಾಸೋಹವನ್ನು ನಾಡಿಗೆ ಕಲಿಸಿದ ಊರಿನಲ್ಲಿ ಜೈನರು ಜೈನರಿಗಾಗಿ ಮಾತ್ರ ದುಡಿಯುವೆವೆಂದರೆ ಅದು ನಗೆಪಾಟಲಿನ ಮಾತಾದೀತು.

ಆರಂಭಿಸುವವನು ಮೊದಲು ತನ್ನ ವೇಳೆಯನ್ನು ಅಳೆದುಕೊಳ್ಳಬೇಕು. ಅಂಗಡಿಯನ್ನು ಒಂದು ದಿನ ಬೆಳಿಗ್ಗೆ, ಒಂದು ದಿನ ಮಧ್ಯಾಹ್ನ ತೆರೆಯುವ ವರ್ತಕನ ಬಳಿ ಗಿರಾಕಿಗಳು ನಿಲ್ಲುವುದಿಲ್ಲ. ವಾರಕ್ಕೆ ಒಂದೇ ಗಂಟೆಯಾಗಲಿ, ಅದು ಅದೇ ವಾರ, ಅದೇ ಸ್ಥಳ, ಅದೇ ಹೊತ್ತು ಆಗಿರಲಿ. ತೊಗರಿಯ ಸುಗ್ಗಿಯಲ್ಲಿ ಅಡತಿಯವನು ವಾರಕ್ಕೆ ಹತ್ತು ಗಂಟೆ ಕೊಡುವೆನೆಂದರೆ ಅದನ್ನು ಯಾರೂ ನಂಬತಕ್ಕದ್ದಲ್ಲ. ಎರಡನೆಯದಾಗಿ, ಫಲಕ, ಅಧ್ಯಕ್ಷಪದವಿ, ರಬ್ಬರ್ ಮುದ್ರೆಗಳಿಂದ ಆರಂಭವಾದ ಸೇವೆಯು ಸಾಮಾನ್ಯವಾಗಿ ಪದಾಧಿಕಾರಿಗಳ ಆಯ್ಕೆಯಲ್ಲಿಯೇ ಮುಗಿದುಹೋಗುತ್ತದೆ. 1901ರ ಕಲ್ಕತ್ತಾ ಕಾಂಗ್ರೆಸ್ಸಿಗೆ ಹೋದ ಗಾಂಧೀಜಿಯವರು ಅಲ್ಲಿಯ ಶೌಚಸ್ಥಳದ ಹೊಲಸನ್ನು ಸ್ವಯಂಸೇವಕರಿಗೆ ತೋರಿಸಿದಾಗ, ಅದು ಜಾಡಮಾಲಿಯ ಕೆಲಸವೆಂಬ ಉತ್ತರ ಬಂದಿತು. ಅವರು ಪೊರಕೆಯನ್ನು ಕೇಳಿ ಪಡೆದು ತಾವೇ ಗುಡಿಸಿದರು. ಅನಂತರ ಕಾರ್ಯಾಲಯದಲ್ಲಿ ಕಾರಕೂನನಂತೆ ಕುಳಿತು ಪತ್ರಗಳಿಗೆ ಉತ್ತರ ಬರೆದರು.

ಬರೆಯುವ ಕೆಲಸವೇ ಈ ಸೀಮೆಗೆ ಬಹಳ ಬೇಕಾಗಿದೆ. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಆಕೆಯ ನೆರೆಹೊರೆಯಲ್ಲಿಯೇ ಇಂದು ಒಂದು ಅರ್ಜಿಗಾಗಿ ಮುದುಕರು ಇನ್ನೊಬ್ಬರ ಕೈ ಕಾಯುತ್ತಾರೆ. 1948ರವರೆಗೆ ನಿಜಾಮರ ಆಡಳಿತವಿದ್ದುದರಿಂದ ಹಳೆಯ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಮನೆಯ ಮಾತು ಕನ್ನಡ, ಮರಾಠಿ ಅಥವಾ ಉರ್ದು. ಇಂದಿನ ಕಚೇರಿಯ ವ್ಯವಹಾರವು ಕನ್ನಡದಲ್ಲಿ, ಅದೂ ಕಂಪ್ಯೂಟರಿನಲ್ಲಿ. ಎರಡು ಲಿಪಿ ಬಲ್ಲವನೊಬ್ಬನು ಸಂತೆಯ ದಿನ ತಹಶೀಲ್ದಾರ ಕಚೇರಿಯ ಬಳಿ ಒಂದು ಗಂಟೆ ಕುಳಿತು, ವೃದ್ಧಾಪ್ಯ ವೇತನದ, ವಿಧವಾ ವೇತನದ ಅರ್ಜಿಗಳನ್ನು ಹಣ ಕೇಳದೆ ಬರೆದುಕೊಟ್ಟರೆ ಅದು ಶಾಸ್ತ್ರದಾನಕ್ಕೆ ಕಡಿಮೆಯಾದುದಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ಎಲ್ಲರೂ ಕೊಂಡಾಡುತ್ತಾರೆ; ಕುಳಿತು ಬರೆದ ಕೈಗಳನ್ನು ನೆನೆಯುವವರು ವಿರಳ.

ರಕ್ತದಾನವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. 18ರಿಂದ 65 ವರ್ಷದೊಳಗಿನ, 45 ಕಿಲೋಗ್ರಾಂಗೆ ಕಡಿಮೆಯಿಲ್ಲದ ಆರೋಗ್ಯವಂತರು ಕೊಡಬಹುದು. ಪುರುಷರಿಗೆ ಮೂರು, ಸ್ತ್ರೀಯರಿಗೆ ನಾಲ್ಕು ತಿಂಗಳ ಅಂತರವಿರಬೇಕು.

ಹೆಚ್ಚು ಲಕ್ಷ್ಯವಿಡಬೇಕಾದ ಸಂಗತಿ ಬೇರೆಯಿದೆ. 1993ರ ಸೆಪ್ಟೆಂಬರ 29ರಂದು ಅನಂತ ಚತುರ್ದಶಿ. ದಶಲಕ್ಷಣ ಪರ್ವವು ಅಂದು ಸಮಾಪ್ತವಾಗಿತ್ತು. ಊರೂರುಗಳಲ್ಲಿ ಗಣೇಶನ ವಿಸರ್ಜನೆ ಮುಗಿಸಿ ಜನರು ದಣಿದು ಮಲಗಿದ್ದರು. ಬೆಳಗಿನ ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಗಡಿಯಾಚೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮೇಲೆ ಮಣ್ಣು ಹೇರಿದ ಮಾಳಿಗೆಗಳು ಮಲಗಿದವರ ಮೇಲೆಯೇ ಬಿದ್ದವು. ಲಾತೂರು ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸತ್ತವರು ಎಂಟರಿಂದ ಹತ್ತು ಸಾವಿರ. ಬಸವಕಲ್ಯಾಣಕ್ಕೆ ಆ ಪ್ರದೇಶವು ದೂರದ್ದಲ್ಲ. ಅಂಥವೇ ಗೋಡೆಗಳು, ಅಂಥವೇ ಮಾಳಿಗೆಗಳು ಈ ಕಡೆಯ ಹಳೆಯ ಓಣಿಗಳಲ್ಲಿಯೂ ಇವೆ. ಇಂಥ ಆಪತ್ತಿನಲ್ಲಿ ಸೈನ್ಯವಾಗಲಿ ಸರ್ಕಾರವಾಗಲಿ ಬರುವ ಮೊದಲು ಬರಿಗೈಯಿಂದ ಮಣ್ಣು ಸರಿಸುವವನು ನೆರೆಯವನೇ. ಯಾವ ಮನೆಯ ಯಾವ ಕೋಣೆಯಲ್ಲಿ ಯಾರು ಮಲಗುತ್ತಾರೆಂಬುದು ಅವನಿಗೆ ತಿಳಿದಿದ್ದರೆ ಒಂದು ಜೀವ ಉಳಿದೀತು. ತಿಳಿಯದಿದ್ದರೆ ಅವನು ಅಗೆಯುವುದೆಲ್ಲಿ?

ಆದ್ದರಿಂದ ಹೊಸ ಸ್ವಯಂಸೇವಕನ ಮೊದಲ ಕೆಲಸವು ಪರಿಚಯ. ತನ್ನ ಮನೆಯ ಸುತ್ತಲಿನ ಇಪ್ಪತ್ತೈದು ಮನೆಗಳಿಗೆ, ಯಾವ ಮತದವರದೇ ಆಗಿರಲಿ, ಅವನು ಹೋಗಿ ಬರಲಿ. ಒಂಟಿಯಾಗಿರುವ ಮುದುಕಿ ಯಾರು, ಹಾಸಿಗೆ ಹಿಡಿದವರು ಯಾರು, ಬಸುರಿ ಯಾರು, ಯಾರ ಮಗು ಶಾಲೆ ಬಿಟ್ಟಿದೆ ಎಂಬುದನ್ನು ಕೇಳಿ ತಿಳಿಯಲಿ. ಬೇಕಾದುದೇನೆಂದು ಅವರೇ ಹೇಳಲಿ. ಹೊದಿಕೆ ಕೊಡಲು ಹೋದವನಿಗೆ, ತಿಂಗಳಿಗೊಮ್ಮೆ ಗುಳಿಗೆ ತಂದುಕೊಡುವವರಿದ್ದರೆ ಸಾಕೆಂದು ಆಕೆ ಹೇಳಬಹುದು. ಹೊದಿಕೆಗೆ ಛಾಯಾಚಿತ್ರ ಸಿಗುತ್ತದೆ, ಗುಳಿಗೆಗೆ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಹೋತ್ಸವದ ಕಾರ್ಯಾಲಯಗಳಲ್ಲಿ ಸ್ವಯಂಸೇವಕರ ಹೆಸರಿನ ಪಟ್ಟಿಯೊಂದು ಇದ್ದೇ ಇರುತ್ತದೆ. ಜಮಾ ಖರ್ಚು ಒಪ್ಪಿಸಿದ ಮೇಲೆ ಅದನ್ನು ಹರಿದೊಗೆಯದೆ ಬಸದಿಯ ಕಪಾಟಿನಲ್ಲಿಟ್ಟು, ಪ್ರತಿಯೊಂದು ಹೆಸರಿನ ಎದುರಿಗೆ ಒಂದು ಓಣಿ, ಒಂದು ವಾರ, ಒಂದು ಗಂಟೆ ಎಂದು ಬರೆಯಲು ಅರ್ಧ ತಾಸು ಸಾಕು. ಹುಮನಾಬಾದಿನವರು ಹುಮನಾಬಾದಿಗೆ, ಬಸವಕಲ್ಯಾಣದವರು ಬಸವಕಲ್ಯಾಣಕ್ಕೆ ಬೇರೆ ಬೇರೆ ಪಟ್ಟಿ ಮಾಡಿಕೊಳ್ಳುವುದು ಲೇಸು. ಎರಡು ಊರುಗಳ ನಡುವೆ ಬಸ್ಸಿನಲ್ಲಿ ಕಳೆದ ಹೊತ್ತು ಯಾರ ಸೇವೆಗೂ ಸಲ್ಲದು.