ಕೀಬೋರ್ಡ್ ಮಧ್ಯದ ಕೆಂಪು ಗುಂಡಿಗೆ ಒಂದು ವಾರ ಕೊಡಿ

ಇವತ್ತು ಮಾತಾಡ್ತಿರೋ ವಸ್ತು ಅವರೆಕಾಳಿಗಿಂತ ಚಿಕ್ಕದು. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ನಲ್ಲಿ ಜಿ, ಎಚ್, ಬಿ ಕೀಗಳ ನಡುವೆ ಇರುತ್ತಲ್ಲ, ಆ ಕೆಂಪು ಗುಂಡಿ. ಅದರ ಹೆಸರು ಟ್ರ್ಯಾಕ್‌ಪಾಯಿಂಟ್.

ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಎಸ್.ಪಿ. ರೋಡ್ ದಾಟಿ ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಗೂ ಬರ್ತವೆ. ಬಿ.ಕಾಂ ಮುಗಿಸಿ, ಟ್ಯಾಲಿ ಕಲಿತು, ಕೆಲಸ ಹುಡುಕೋ ನಮ್ಮಂಥವರಿಗೆ ಕೈಗೆಟಕೋದು ಇವೇ. ಆದ್ರೆ ನಾನು ನೋಡಿದ ಹೆಚ್ಚಿನವರು ಈ ಗುಂಡಿಯನ್ನ ಅಲಂಕಾರ ಅಂದುಕೊಂಡಿದ್ದಾರೆ.

ಇದನ್ನ ರೂಪಿಸಿದವರು ಐಬಿಎಂನಲ್ಲಿದ್ದ ಟೆಡ್ ಸೆಲ್ಕರ್. ಕೀಬೋರ್ಡ್‌ನಿಂದ ಮೌಸ್‌ಗೆ ಕೈ ಹೋಗೋಕೆ ಸುಮಾರು 0.75 ಸೆಕೆಂಡ್, ವಾಪಸ್ ಬರೋಕೆ ಹೆಚ್ಚುಕಡಿಮೆ ಅಷ್ಟೇ. ಈ ಓಡಾಟ ತಪ್ಪಿಸೋದೇ ಅವರ ಉದ್ದೇಶ. 1992ರಲ್ಲಿ ಥಿಂಕ್‌ಪ್ಯಾಡ್ 700ಸಿ ಜೊತೆ ಗುಂಡಿ ಬಂತು. 1994ರಲ್ಲಿ ಆಪಲ್ ತನ್ನ ಪವರ್‌ಬುಕ್‌ನಲ್ಲಿ ಟಚ್‌ಪ್ಯಾಡ್ ತಂತು. ಮಾರುಕಟ್ಟೆಯಲ್ಲಿ ಗೆದ್ದಿದ್ದು ಟಚ್‌ಪ್ಯಾಡ್.

ಯಾಕೆ ಗೆಲ್ತು? ಅಂಗಡಿಯಲ್ಲಿ ಐದು ನಿಮಿಷಕ್ಕೇ ಕೈ ಹಿಡಿಯುತ್ತೆ. ಗುಂಡಿ ಹಾಗಲ್ಲ, ಅಭ್ಯಾಸಕ್ಕೆ ದಿನಗಳು ಬೇಕು. ಬೆರಳು ಸವರಿದರೆ ಏನೂ ಆಗಲ್ಲ. ಒತ್ತಿದ ದಿಕ್ಕಿಗೆ, ಒತ್ತಿದ ಬಲಕ್ಕೆ ತಕ್ಕಂತೆ ಬಾಣ ಓಡುತ್ತೆ.

ಈಗ ಲೆಕ್ಕದವರ ಲೆಕ್ಕಕ್ಕೆ ಬರೋಣ. ಟ್ಯಾಲಿ ಒಳಗೆ ಮೌಸ್ ಬೇಡವೇ ಬೇಡ. ಎಫ್8 ಒತ್ತಿದ್ರೆ ಮಾರಾಟ, ಎಫ್9 ಒತ್ತಿದ್ರೆ ಖರೀದಿ. ಆದ್ರೆ ಜಿಎಸ್‌ಟಿ ಪೋರ್ಟಲ್‌ಗೆ ಹೋದಾಗ ಸಂಖ್ಯೆ ಟೈಪ್ ಮಾಡು, ಕ್ಲಿಕ್ ಮಾಡು, ಮತ್ತೆ ಟೈಪ್ ಮಾಡು. ಚಿಂತಾಮಣಿಯ ಒಂದು ಅಂಗಡಿಯ 400 ಬಿಲ್ ಅಂದುಕೊಳ್ಳಿ. ಬಿಲ್ಲಿಗೆ ಮೂರು ಸಲ ಕೈ ಮೌಸ್‌ಗೆ ಹೋಗಿ ಬಂದ್ರೆ 1,200 ಸಲ. ಒಂದೂವರೆ ಸೆಕೆಂಡಿನಂತೆ ಅರ್ಧ ಗಂಟೆ. ಟಚ್‌ಪ್ಯಾಡ್ ಹತ್ತಿರ ಇರೋದ್ರಿಂದ ಸಮಯ ಇಷ್ಟಾಗಲ್ಲ, ನಿಜ. ಆದ್ರೂ ಅಷ್ಟು ಸಲ ಕೈ ಎತ್ತಬೇಕು, ಎಫ್, ಜೆ ಮೇಲಿನ ಉಬ್ಬು ಮತ್ತೆ ಹುಡುಕಬೇಕು. ಗುಂಡಿ ಇದ್ರೆ ತೋರುಬೆರಳು ಪಕ್ಕಕ್ಕೆ ಸರಿದ್ರೆ ಸಾಕು.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳನ್ನ ನೆನೆಸ್ಕೊಳ್ಳಿ. ಅಲ್ಲಿ ಕೈಗೆ ನೀರಿನ ಸಂಗ ತಪ್ಪಿದ್ದಲ್ಲ. ಟಚ್‌ಪ್ಯಾಡ್ ಬೆರಳನ್ನ ಗುರುತಿಸೋದು ವಿದ್ಯುತ್ ಅಂಶದಲ್ಲಾಗೋ ಸಣ್ಣ ಬದಲಾವಣೆಯಿಂದ. ಒದ್ದೆ ಬೆರಳು ಅದನ್ನ ಗಲಿಬಿಲಿ ಮಾಡುತ್ತೆ, ಬಾಣ ಹಾರಾಡುತ್ತೆ. ಗುಂಡಿ ಅಳೆಯೋದು ಒತ್ತಡ ಮಾತ್ರ. ಬೆರಳು ಒದ್ದೆಯೋ ಒಣಗಿದೆಯೋ ಅದಕ್ಕೆ ಸಂಬಂಧ ಇಲ್ಲ. ಹಾಗಂತ ಕೀಬೋರ್ಡ್ ಮೇಲೆ ನೀರು ಸುರೀಬೇಡಿ!

ಟಚ್‌ಪ್ಯಾಡ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಉದ್ದದ ಪುಟ ಸರಿಸೋಕೆ, ಫೋಟೊ ದೊಡ್ಡದು ಮಾಡೋಕೆ ಎರಡು ಬೆರಳಿನ ಸುಖವೇ ಬೇರೆ. ಹೆಚ್ಚು ಓದೋರಿಗೆ, ನೋಡೋರಿಗೆ ಅದೇ ಸರಿ. ದಿನವಿಡೀ ಟೈಪ್ ಮಾಡೋರಿಗೆ ಗುಂಡಿ. ಕೆಲಸ ನೋಡಿ ಸಲಕರಣೆ ಆರಿಸಬೇಕು, ಅಷ್ಟೇ.

ಆದ್ರೆ ಆರಿಸೋ ಅವಕಾಶವೇ ಕಡಿಮೆ ಆಗ್ತಿದೆ. 2025ರ ಜನವರಿಯಲ್ಲಿ ಲೆನೊವೊ ತೋರಿಸಿದ ಥಿಂಕ್‌ಪ್ಯಾಡ್ ಎಕ್ಸ್9ರಲ್ಲಿ ಕೆಂಪು ಗುಂಡಿಯೇ ಇಲ್ಲ. ಇವತ್ತು ಬೆಂಗಳೂರಿನ ಆಫೀಸು ಕೊಳ್ಳೋದು ನಾಲ್ಕೈದು ವರ್ಷಕ್ಕೆ ನಮ್ಮೂರಿಗೆ ಬರುತ್ತೆ. ನಮ್ಮ ಕೈಗೆ ಏನು ಸಿಗಬೇಕು ಅನ್ನೋದು ನಮ್ಮನ್ನ ಕೇಳದೇ ತೀರ್ಮಾನ ಆಗಿರುತ್ತೆ.

ಹಾಗಾಗಿ ಹಳೇ ಲ್ಯಾಪ್‌ಟಾಪ್ ಕೊಳ್ಳೋವಾಗ ಗುಂಡಿಯನ್ನೂ ಪರೀಕ್ಷೆ ಮಾಡಿ. ಬಾಣ ತಾನಾಗೇ ಜಾರಿದ್ರೆ ಬೆರಳು ತೆಗೆದು ಕೆಲವು ಸೆಕೆಂಡ್ ಕಾಯಿರಿ, ಸಾಮಾನ್ಯವಾಗಿ ನಿಲ್ಲುತ್ತೆ. ನಿಲ್ಲದಿದ್ರೆ ಬೆಲೆ ಇಳಿಸಿ ಅಂತ ಕೇಳಿ. ಟೋಪಿ ಸವೆದಿದ್ರೆ ಚಿಂತೆ ಬೇಡ, ಬೇರೆ ಹಾಕಬಹುದು, ಆದ್ರೆ ಅಳತೆ ನೋಡಿ ತಗೊಳ್ಳಿ. ಮಧ್ಯದ ಬಟನ್ ಒತ್ತಿ ಹಿಡಿದು ಗುಂಡಿ ತಳ್ಳಿದ್ರೆ ಪುಟವೂ ಸರಿಯುತ್ತೆ.

ಒಂದು ವಾರ ಟಚ್‌ಪ್ಯಾಡ್ ಆಫ್ ಮಾಡಿಟ್ಟು ಕೆಲಸ ಮಾಡಿ ನೋಡಿ. ಇಷ್ಟ ಆಗದಿದ್ರೆ ಮತ್ತೆ ಆನ್ ಮಾಡ್ಕೊಳ್ಳಿ, ಕಳ್ಕೊಳ್ಳೋದು ಏನಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.